ಓದುಗರ ಪ್ರಶ್ನೆ: ‘ಬಿಯರ್ ಬೇಡ, ಜ್ಯೂಸೂ ಬೇಡ’ ಅನ್ನುವ ಅತಿಥಿಗೆ ಏನು ಕೊಡೋದು?

ಯುರೋಪ್, ಅಮೆರಿಕದಲ್ಲಿ ಜನ ಕುಡಿಯುವ ರೀತಿ ಬದಲಾಗುತ್ತಿದೆ. ಅದರ ಬಿಸಿ ಮಲೆನಾಡಿನ ಹೋಂಸ್ಟೇ ಜಗಲಿಗೂ ಶುಂಠಿ ಕಣಕ್ಕೂ ತಟ್ಟಿದೆ ಅನ್ನುವುದು ಈ ಸಲ ಬಂದ ಪತ್ರಗಳಲ್ಲಿ ಕಾಣುತ್ತದೆ. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಮಳೆಗಾಲ ಮುಗಿದ ಮೇಲೆ ಜರ್ಮನಿ, ಇಂಗ್ಲೆಂಡ್ ಕಡೆಯವರು ಬರುತ್ತಾರೆ. ಸಂಜೆ ಜಗಲಿಯಲ್ಲಿ ಕೂತು ‘ಆಲ್ಕೋಹಾಲ್ ಇಲ್ಲದ್ದು ಏನಿದೆ’ ಅಂತ ಕೇಳುತ್ತಾರೆ. ಮಾವಿನ ಜ್ಯೂಸು, ಕೋಲಾ ಕೊಟ್ಟರೆ ಎರಡು ಗುಟುಕು ಕುಡಿದು ಹಾಗೇ ಇಡುತ್ತಾರೆ. ಇವರಿಗೆ ಬೇಕಾದ್ದಾದರೂ ಏನು?
— ಹೋಂಸ್ಟೇ ನಡೆಸುವವರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅವರಿಗೆ ಸಿಹಿ ಬೇಡ. ಮದ್ಯ ಬಿಟ್ಟವರು, ಕಡಿಮೆ ಮಾಡಿದವರು ಸಂಜೆಯ ಲೋಟವನ್ನಂತೂ ಬಿಟ್ಟಿಲ್ಲ. ಅರ್ಧ ಗಂಟೆ ಕೈಯಲ್ಲಿ ಹಿಡಿದು, ಮಾತಾಡುತ್ತ, ಸ್ವಲ್ಪ ಸ್ವಲ್ಪವೇ ಹೀರುವಂಥದ್ದು ಬೇಕು. ಜ್ಯೂಸನ್ನು ಹಾಗೆ ಹೀರಲಾಗುವುದಿಲ್ಲ. ಸಿಹಿ ಬೇಗ ಮುಖ ಹೊಡೆಯುತ್ತದೆ. ಮದ್ಯಕ್ಕೆ ಗಂಟಲಲ್ಲಿ ಸುಡುವ ಗುಣವಿದೆ, ಬಾಯಲ್ಲೊಂದು ಭಾರವಿದೆ, ಜೊತೆಗೆ ಕಹಿಯೋ ಒಗರೋ ಇರುತ್ತದೆ. ಇವೆಲ್ಲ ಸೇರಿಯೇ ಕುಡಿಯುವವರನ್ನು ನಿಧಾನ ಮಾಡುವುದು. ಮದ್ಯ ತೆಗೆದ ಮೇಲೆ ಆ ಜಾಗಕ್ಕೆ ಹುಳಿ, ಒಗರು, ಕಹಿ, ಖಾರ ಬರಬೇಕು. ನಾಲ್ಕೂ ನಿಮ್ಮ ತೋಟದಲ್ಲೇ ಇವೆ.

ಮುರುಗಲು ಹಣ್ಣಿನ ಒಣ ಸಿಪ್ಪೆ 50 ಗ್ರಾಂ ತಗೊಳ್ಳಿ. ಉಪ್ಪು ಹಾಕಿ ಒಣಗಿಸಿದ್ದಾದರೆ ಎರಡು ಸಲ ನೀರಲ್ಲಿ ತೊಳೆಯಿರಿ. 500 ಮಿ.ಲೀ. ತಣ್ಣೀರಲ್ಲಿ 6 ಗಂಟೆ ನೆನೆಯಲಿ. ಬೇರೆ ಪಾತ್ರೆಯಲ್ಲಿ 150 ಮಿ.ಲೀ. ನೀರಿಗೆ ಜಜ್ಜಿದ ಶುಂಠಿ 15 ಗ್ರಾಂ, ಆಗಷ್ಟೇ ಒಡೆದ ಕಾಳುಮೆಣಸು ಒಂದು ಟೀ ಚಮಚ ಹಾಕಿ 5 ನಿಮಿಷ ಕುದಿಸಿ. ಇಳಿಸುವ ಹೊತ್ತಿಗೆ ಹೆರಳೆಕಾಯಿ ಸಿಪ್ಪೆಯ ಎರಡು ಚೂರನ್ನು ಒಳಗಿನ ಬಿಳಿ ಭಾಗದ ಸಮೇತ ಹಾಕಿ ಒಂದೇ ನಿಮಿಷ ಬಿಡಿ. ಕಹಿ ಬರುವುದು ಅದರಿಂದ. ಬಿಸಿಯಲ್ಲೇ 60 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಮುರುಗಲು ನೀರಿಗೆ ಸೇರಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಉದ್ದ ಲೋಟಕ್ಕೆ ಐಸು, ಚಿಟಿಕೆ ಉಪ್ಪು, ಈ ರಸ 50 ಮಿ.ಲೀ. ಹಾಕಿ ಕೊನೆಯಲ್ಲಿ ಚೆನ್ನಾಗಿ ತಣಿದ ಸೋಡಾ 150 ಮಿ.ಲೀ. ಸುರಿಯಿರಿ. ಒಂದು ಲೋಟಕ್ಕೆ ಸಕ್ಕರೆ 5 ಗ್ರಾಂ ಆಯಿತು. ಅಷ್ಟೇ ಅಳತೆಯ ಕೋಲಾದಲ್ಲಿ 20 ಗ್ರಾಂ ದಾಟುತ್ತದೆ.

ಕೆಡುವುದು ಎಲ್ಲೆಲ್ಲಿ ಅನ್ನುವುದೂ ಗೊತ್ತಿರಲಿ. ಮುರುಗಲನ್ನು ಕುದಿಸಿದರೆ ಆ ಚಂದದ ಕೆಂಪು ಕಂದಾಗುತ್ತದೆ. ಬಿಸಿ ಆ ಬಣ್ಣಕ್ಕೆ ಆಗಿಬರುವುದಿಲ್ಲ. ಬೆಲ್ಲ ಹಾಕಿದರೂ ಬಣ್ಣ ಮಂಕು. ಹುಳಿ ಲೋಹವನ್ನು ಎಳೆದುಕೊಳ್ಳುವುದರಿಂದ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ. ಸ್ಟೀಲು ಅಥವಾ ಗಾಜು ಸಾಕು. ಮೆಣಸನ್ನು ತಣ್ಣೀರಲ್ಲಿ ನೆನೆಸಿದರೆ ಖಾರ ಬಿಡುವುದಿಲ್ಲ, ಅದರ ಪೈಪರಿನ್ ನೀರಲ್ಲಿ ಕರಗುವುದೇ ಬಲು ಕಡಿಮೆ. ಕುದಿಸಿ ಅಂದದ್ದು ಅದಕ್ಕೇ. ಮುರುಗಲಿನ ಬದಲು ಉಪ್ಪಾಗೆ ಸಿಪ್ಪೆ ಬಳಸಿದರೆ ಹುಳಿ ಬಂದೀತು, ಕೆಂಪು ಬರುವುದಿಲ್ಲ, ಹೊಗೆಯ ವಾಸನೆಯೂ ಜೊತೆಗೆ ಬರುತ್ತದೆ. ರಸ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಮುಚ್ಚಳ ತೆರೆದಾಗ ಬುಸ್ ಅಂದರೆ, ಅಂಚಿನಲ್ಲಿ ನೊರೆ ಕಂಡರೆ ಚೆಲ್ಲಿ. ಅದು ಹುದುಗಲು ಶುರುವಾಗಿದೆ. ‘ಆಲ್ಕೋಹಾಲ್ ಇಲ್ಲ’ ಅಂತ ಹೇಳಿ ಅದನ್ನು ಕೊಟ್ಟರೆ ನಂಬಿ ಕುಡಿಯುವವರಿಗೆ ಮೋಸ ಮಾಡಿದಂತೆ.

ಇನ್ನೊಂದು ಮಾತು. ಅಬಕಾರಿ ಪರವಾನಗಿ ಇಲ್ಲದೆ ಹೋಂಸ್ಟೇಯಲ್ಲಿ ಬಿಯರು, ವೈನು ಮಾರುವುದು ಅಪರಾಧ. ಮನೆಯಲ್ಲೇ ಮಾಡಿದ ವೈನಿಗೂ ಅದೇ ಕಾನೂನು. ಈ ಲೋಟಕ್ಕೆ ಅಂಥ ತೊಡಕಿಲ್ಲ, ಬೆಲೆಯನ್ನೂ ಧೈರ್ಯವಾಗಿ ಹಾಕಬಹುದು. ಅವರ ಊರಲ್ಲಿ ಆಲ್ಕೋಹಾಲ್ ಇಲ್ಲದ ಪಾನೀಯಕ್ಕೆ ಬಿಯರಿನಷ್ಟೇ ದುಡ್ಡು ಕೊಟ್ಟು ಅಭ್ಯಾಸವಿದೆ.

ಪ್ರಶ್ನೆ: ನಮ್ಮ ಭಾವನ ಮಗ ಲೀಡ್ಸ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ಅಂಗಡಿಯ ಬಿಯರ್ ಮೊದಲು 4% ಇದ್ದದ್ದು ಈಗ 3.4% ಆಗಿದೆಯಂತೆ. ಜನಕ್ಕೆ ಕಡಿಮೆ ಬೇಕಾಯಿತೋ, ಕಂಪನಿಯವರು ನೀರು ಬೆರೆಸುತ್ತಿದ್ದಾರೋ?
— ಕೊಪ್ಪ

ಉತ್ತರ: ಹೆಚ್ಚಿನ ಪಾಲು ತೆರಿಗೆಯ ಕೆಲಸ. ಬ್ರಿಟನ್ನಿನಲ್ಲಿ 2023ರ ಆಗಸ್ಟ್ 1ರಿಂದ ಸುಂಕವನ್ನು ಪಾನೀಯದಲ್ಲಿರುವ ಆಲ್ಕೋಹಾಲಿನ ಪ್ರಮಾಣದ ಮೇಲೆ ಹಾಕುತ್ತಾರೆ. ಶೇ 3.5ಕ್ಕಿಂತ ಕೆಳಗಿದ್ದರೆ ಶುದ್ಧ ಆಲ್ಕೋಹಾಲಿನ ಲೀಟರಿಗೆ ಆಗಿನ ದರ 9.27 ಪೌಂಡ್, ಬಿಯರ್ ಆ ಗೆರೆ ದಾಟಿತೋ, 21.01 ಪೌಂಡ್. ಅರ್ಧ ಲೀಟರಿನ 4% ಬಾಟಲಿಗೆ ಲೆಕ್ಕ ಹಾಕಿ: 42 ಪೆನ್ಸ್. ಅದನ್ನೇ 3.4% ಮಾಡಿದರೆ 16 ಪೆನ್ಸ್‌ಗೆ ಇಳಿಯುತ್ತದೆ. ಲಕ್ಷಗಟ್ಟಲೆ ಬಾಟಲಿ ಮಾರುವವರು ಇದನ್ನು ಬಿಟ್ಟಾರೆಯೇ? ದರ ಆಮೇಲೆ ಏರಿದೆ, ಗೆರೆ ಅಲ್ಲೇ ಇದೆ. ಲೇಬಲ್ಲಿನಲ್ಲಿ ಶೇಕಡಾವಾರು ನಮೂದಿಸಲೇಬೇಕಾದ್ದರಿಂದ ಕಳ್ಳತನ ಅನ್ನಲಾಗದು. ಓದಿ ಕೊಳ್ಳಲು ಹೇಳಿ.

ಪ್ರಶ್ನೆ: ಪಾಶ್ಚಾತ್ಯರು ಕುಡಿಯುವುದನ್ನು ಬಿಡುತ್ತಿದ್ದಾರೆ ಅನ್ನುವ ಸುದ್ದಿ ಆಗಾಗ ಓದುತ್ತೇವೆ. ಇದು ಎಷ್ಟು ನಿಜ? ತರಗತಿಯಲ್ಲಿ ಹೇಳಲು ಅಂಕಿ ಬೇಕಿತ್ತು.
— ವಾಣಿಜ್ಯ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಈ ಪ್ರಶ್ನೆಯನ್ನು 1939ರಿಂದ ಕೇಳುತ್ತ ಬಂದಿದೆ. ‘ಕುಡಿಯುತ್ತೇನೆ’ ಅಂದ ವಯಸ್ಕರು 2023ರಲ್ಲಿ ಶೇ 62, 2024ರಲ್ಲಿ 58, 2025ರಲ್ಲಿ 54. ಇಷ್ಟು ವರ್ಷಗಳಲ್ಲಿ ಇದೇ ಅತಿ ಕಡಿಮೆ. ಮಿತವಾಗಿ ಕುಡಿದರೂ ಆರೋಗ್ಯಕ್ಕೆ ಕೆಟ್ಟದ್ದು ಅಂದವರು ಶೇ 53; ಅರ್ಧ ದಾಟಿದ್ದು ಇದೇ ಮೊದಲು. ಇನ್ನು ವೈನ್: ಅಂತರರಾಷ್ಟ್ರೀಯ ವೈನ್ ಸಂಸ್ಥೆ ಓಐವಿಯ ಅಂದಾಜಿನಂತೆ 2024ರಲ್ಲಿ ಜಗತ್ತು ಕುಡಿದದ್ದು 21.42 ಕೋಟಿ ಹೆಕ್ಟೋಲೀಟರ್, 1961ರಿಂದೀಚೆಗೆ ಕನಿಷ್ಠ. ಒಂದು ಹೆಕ್ಟೋಲೀಟರ್ ಅಂದರೆ 100 ಲೀಟರ್.

ಎರಡೂ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯದು ಜನ ತಮ್ಮ ಬಗ್ಗೆ ಹೇಳಿಕೊಂಡದ್ದು, ಎರಡನೆಯದು ಸರಕಿನ ಲೆಕ್ಕ. ವೈನಿನ ಇಳಿತ ಹಳೆಯದೂ ಹೌದು. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲೆಗೆ ವರ್ಷಕ್ಕೆ 120 ಲೀಟರ್ ವೈನ್ ಹೋಗುತ್ತಿತ್ತು. ಈಗ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಆಗ ನಮ್ಮಲ್ಲಿ ಊಟಕ್ಕೆ ಮಜ್ಜಿಗೆ ಇದ್ದಂತೆ ಅಲ್ಲಿ ಕೆಂಪು ವೈನ್. ದಿನಾ ಊಟದ ಜೊತೆ ಕುಡಿಯುವ ಆ ರೂಢಿಯೇ ಹೋಯಿತು. 2023ರಲ್ಲಿ ಉಳಿದುಹೋದ ವೈನನ್ನು ಭಟ್ಟಿ ಇಳಿಸಿ ಸ್ಯಾನಿಟೈಸರ್, ಸುಗಂಧದ್ರವ್ಯಕ್ಕೆ ಬಳಸಲು 20 ಕೋಟಿ ಯೂರೋ ತೆಗೆದಿಡಬೇಕಾಯಿತು. ವೈನಿಗೆ ಹೆಸರಾದ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯನ್ನೇ ಕಿತ್ತರು. ತೋಟ ಕೀಳುವುದು ಅಂದರೇನೆಂದು ಅಡಿಕೆ ನಾಡಿನವರಿಗೆ ವಿವರಿಸಬೇಕಿಲ್ಲ.

ಆದರೆ ಎಲ್ಲವೂ ಇಳಿದಿಲ್ಲ. ಅಮೆರಿಕದಲ್ಲಿ ಭೂತಾಳೆ ಜಾತಿಯ ಗಿಡದಿಂದ ಮಾಡುವ ಟಕಿಲಾ, ಮೆಸ್ಕಾಲ್ ಎರಡೂ ಸೇರಿ 2022ರ ಹೊತ್ತಿಗೆ ಅಲ್ಲಿನ ವಿಸ್ಕಿಯ ವಹಿವಾಟನ್ನು ದಾಟಿದವು. ಕ್ಯಾನಿನಲ್ಲಿ ಬೆರೆಸಿಟ್ಟ ಕಾಕ್‌ಟೇಲ್ ಬೆಳೆಯುತ್ತಿದೆ. 2023ರಲ್ಲಿ ಮೊಡೆಲೊ ಅನ್ನುವ ಮೆಕ್ಸಿಕೋದ ಬಿಯರ್, ವರ್ಷಗಟ್ಟಲೆ ಮೊದಲಿದ್ದ ಬಡ್ ಲೈಟನ್ನು ಹಿಂದೆ ಹಾಕಿತು. ಕುಡಿಯುವ ಸಲಗಳು ಕಡಿಮೆಯಾಗಿವೆ, ಕುಡಿದಾಗ ಏನು ಅನ್ನುವ ಆಯ್ಕೆ ಕಟ್ಟುನಿಟ್ಟಾಗಿದೆ. ನಮ್ಮ ಓದು ಇದು. ಬೆಲೆ ಏರಿಕೆಯೂ ಒಂದು ಕಾರಣವೇ, ಎಲ್ಲವನ್ನೂ ಆರೋಗ್ಯದ ತಲೆಗೆ ಕಟ್ಟಬಾರದು. ಆರೋಗ್ಯದ ಮಾತಿಗೆ ಬಲ ಬಂದದ್ದಂತೂ ಖಂಡಿತ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ’ ಅಂದಿತು. 2025ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ಉನ್ನತ ಅಧಿಕಾರಿ) ಆಗಿದ್ದ ವಿವೇಕ್ ಮೂರ್ತಿ ಮದ್ಯಕ್ಕೂ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಅವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಮಕ್ಕಳಿಗೆ ಇದನ್ನೂ ಹೇಳಿ.

ಪ್ರಶ್ನೆ: ‘0.0’ ಅಂತ ಬರೆದ ಬಿಯರಿನಲ್ಲಿ ನಿಜವಾಗಿ ಸೊನ್ನೆ ಇರುತ್ತದಾ? ನಮ್ಮ ಯಜಮಾನರು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಅದನ್ನು ಕುಡಿದರೆ ಪರವಾಗಿಲ್ಲವಾ?
— ಭದ್ರಾವತಿ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇವೆ ತಾಯಿ: ಬೇಡ. ಚಟದಿಂದ ಬಿಡಿಸಿಕೊಂಡವರಿಗೆ ಅದರಲ್ಲಿರುವ ಆಲ್ಕೋಹಾಲಿಗಿಂತ ವಾಸನೆ, ನೊರೆ, ಕಹಿ ಅಪಾಯ. ಹಳೆಯ ಆಸೆ ಕೆದಕಲು ಅಷ್ಟು ಸಾಕು. ಎಂಟು ತಿಂಗಳು ಸಣ್ಣ ಸಾಧನೆಯಲ್ಲ. ಅವರನ್ನು ನೋಡುತ್ತಿರುವ ವೈದ್ಯರು ಒಪ್ಪದ ಹೊರತು ಮನೆಗೆ ತರಬೇಡಿ.

ಇನ್ನು ಅಂಕಿ. ‘0.0’ ಅಂದರೆ ಸಾಮಾನ್ಯವಾಗಿ ಶೇ 0.05ಕ್ಕಿಂತ ಕಡಿಮೆ, ಪೂರ್ತಿ ಸೊನ್ನೆಯೇ ಅಂತಲ್ಲ. ‘ನಾನ್ ಆಲ್ಕೋಹಾಲಿಕ್’ ಅಂತಷ್ಟೇ ಇದ್ದರೆ ಅಮೆರಿಕ, ಜರ್ಮನಿಗಳಲ್ಲಿ ಶೇ 0.5ರವರೆಗೆ ಇರಬಹುದು. ಎಷ್ಟು ಗ್ರಾಂ ಅಂತ ತಿಳಿಯಲು ಮಿಲಿಲೀಟರನ್ನು ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.789ರಿಂದ ಗುಣಿಸಿ. 330 ಮಿ.ಲೀ. ಬಾಟಲಿ ಶೇ 0.5 ಇದ್ದರೆ 1.3 ಗ್ರಾಂ. ನಮ್ಮಲ್ಲಿ ಸಿಗುವ 650 ಮಿ.ಲೀ. ಬಾಟಲಿ ಶೇ 5ರದ್ದಾದರೆ 25.6 ಗ್ರಾಂ, ಶೇ 8ರ ಸ್ಟ್ರಾಂಗ್ ಆದರೆ 41 ಗ್ರಾಂ.

ಮಾಡುವ ದಾರಿ ಮುಖ್ಯವಾಗಿ ಮೂರು. ಮಾಮೂಲಿ ಬಿಯರ್ ಮಾಡಿ, ಗಾಳಿಯ ಒತ್ತಡ ಇಳಿಸಿದ ಪಾತ್ರೆಯಲ್ಲಿ 40 ಡಿಗ್ರಿಯ ಆಸುಪಾಸಲ್ಲೇ ಆಲ್ಕೋಹಾಲ್ ಹಾರಿಸುತ್ತಾರೆ; ಮಾಮೂಲಿ ಒತ್ತಡದಲ್ಲಾದರೆ 78 ಡಿಗ್ರಿ ಬೇಕು, ರುಚಿ ಬೆಂದುಹೋಗುತ್ತದೆ. ಅಥವಾ ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರದಂಥ ಪೊರೆಯಲ್ಲಿ ಸೋಸುತ್ತಾರೆ. ಅದೂ ಅಲ್ಲದಿದ್ದರೆ ಧಾನ್ಯದ ಮಾಲ್ಟೋಸ್ ಸಕ್ಕರೆಯನ್ನು ತಿನ್ನಲಾರದ ಯೀಸ್ಟ್ ಬಿಟ್ಟು ಹುದುಗನ್ನೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಈ ಕೊನೆಯ ಬಗೆಯಲ್ಲಿ ಸಕ್ಕರೆ ಉಳಿದಿರುತ್ತದೆ, ಮಧುಮೇಹಿಗಳು ಲೇಬಲ್ ನೋಡಬೇಕು. ಆಲ್ಕೋಹಾಲ್ ಇಲ್ಲದ್ದರಿಂದ ಬೇಗ ಕೆಡುವ ಗುಣವಂತೂ ಮೂರೂ ಬಗೆಗೆ ಇದೆ. ಗಿನ್ನೆಸ್ 0.0 ಕ್ಯಾನು 2020ರ ಅಕ್ಟೋಬರಿನಲ್ಲಿ ಬಂದು, ಸೂಕ್ಷ್ಮಜೀವಿ ಸೇರಿದ ಅನುಮಾನದಿಂದ ಕೆಲವೇ ವಾರಗಳಲ್ಲಿ ವಾಪಸ್ಸಾಗಿ, ಮರುವರ್ಷ ಮತ್ತೆ ಬಂತು. ತೆರೆದ ಬಾಟಲಿಯನ್ನು ನಾಳೆಗೆ ಇಡಬಾರದು.

ಪ್ರಶ್ನೆ: ವಿದೇಶದಲ್ಲಿ ಜಿಂಜರ್ ಬಿಯರಿಗೆ ಬೇಡಿಕೆ ಏರಿದೆ ಅಂತಾರೆ. ಮೂರು ಎಕರೆ ಶುಂಠಿ ಇದೆ. ಇಲ್ಲೇ ಬಾಟಲಿ ತುಂಬಿ ಕಳಿಸುವ ಘಟಕ ಹಾಕಬಹುದಾ?
— ಶುಂಠಿ ಬೆಳೆಗಾರರು, ಸೊರಬ ತಾಲ್ಲೂಕು

ಉತ್ತರ: ಬಾಟಲಿ ಘಟಕಕ್ಕೆ ಕೈ ಹಾಕಬೇಡಿ. ಜಿಂಜರ್ ಬಿಯರ್ ಅಂದರೆ ಶುಂಠಿ ಖಾರದ ಸೋಡಾ, ಬಾಟಲಿಯಲ್ಲಿ ಇರುವುದು ಬಹುಪಾಲು ನೀರು. ಗಾಜಿನ ಜೊತೆ ಆ ನೀರಿಗೂ ಹಡಗಿನ ಬಾಡಿಗೆ ಕೊಡಬೇಕು. ಜೊತೆಗೆ ಆ ಪೇಟೆಯ ಫ್ಯಾಷನ್ ನಂಬುವಂಥದ್ದಲ್ಲ. ಹಾರ್ಡ್ ಸೆಲ್ಟ್ಜರ್ ಅಂತ ಒಂದಿದೆ, ಹಣ್ಣಿನ ಪರಿಮಳ ಹಾಕಿದ ಶೇ 5ರ ಸೋಡಾ. 2016ರಲ್ಲಿ ಅದರ ‘ವೈಟ್ ಕ್ಲಾ’ ಬ್ರ್ಯಾಂಡ್ ಬಂತು, 2019ರ ಬೇಸಿಗೆಯಲ್ಲಿ ಅಮೆರಿಕ ಪೂರ್ತಿ ಅದೇ ಮಾತು. 2021ರಲ್ಲಿ ಬೇಡಿಕೆ ಜಗ್ಗಿತು. ‘ಟ್ರೂಲಿ’ ಅನ್ನುವ ಸೆಲ್ಟ್ಜರ್ ತಯಾರಿಸುವ ಬೋಸ್ಟನ್ ಬಿಯರ್ ಕಂಪನಿ ಲಕ್ಷಗಟ್ಟಲೆ ಕೇಸುಗಳನ್ನು ನಾಶಪಡಿಸಬೇಕಾಯಿತು. ಅಂಥ ಪೆಟ್ಟು ಅವರು ತಡೆದುಕೊಂಡಾರು, ಮೂರು ಎಕರೆಯ ರೈತ ತಡೆಯಲಾರ.

ನೀವು ಮಾರಬೇಕಾದ್ದು ಖಾರವನ್ನು. ಹಸಿ ಶುಂಠಿಯ ಖಾರದ ಅಂಶವಾದ ಜಿಂಜರಾಲ್ ಒಣಗಿದಾಗ ಶೋಗಾಲ್ ಆಗುತ್ತದೆ, ಅದರ ಖಾರ ಸುಮಾರು ಇಮ್ಮಡಿ. ಇಂಗ್ಲೆಂಡಿನ ಫೀವರ್ ಟ್ರೀ ಕಂಪನಿ ತನ್ನ ಜಿಂಜರ್ ಬಿಯರಿಗೆ ಐವರಿ ಕೋಸ್ಟ್, ನೈಜೀರಿಯಾದ ಶುಂಠಿಯ ಜೊತೆ ಕೊಚ್ಚಿಯ ಶುಂಠಿಯನ್ನೂ ಬಳಸುತ್ತದೆ, ಅಂದರೆ ನಮ್ಮ ಪಕ್ಕದ ಮಾಲಿಗೆ ಅಲ್ಲಿ ಆಗಲೇ ಹೆಸರಿದೆ. ರಿಗೋಡಿ ತಳಿ ಗಾತ್ರಕ್ಕೆ, ಹಸಿ ಪೇಟೆಗೆ ಒಳ್ಳೆಯದು. ಒಣಶುಂಠಿಗೆ ಮಾರನ್, ಹಿಮಾಚಲ ನೋಡಿ. ಐದು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ.

ತಿರಸ್ಕಾರವಾಗುವುದು ಒಣಗಿಸುವಾಗಿನ ತಪ್ಪಿಗೆ. ತೇವ ಶೇ 10ಕ್ಕೆ ಇಳಿಯಬೇಕು. ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ರಾತ್ರಿ ಇಬ್ಬನಿಗೆ ಬಿಟ್ಟ ಮಾಲಿನಲ್ಲಿ ಹೊರಗೆ ಏನೂ ಕಾಣದೆ ಒಳಗೆ ಬೂಸ್ಟು ಹಿಡಿಯುತ್ತದೆ. ಯುರೋಪಿನಲ್ಲಿ ಬೂಸ್ಟು ಬಿಡುವ ವಿಷವಾದ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು 10 ದಾಟುವಂತಿಲ್ಲ. ನೆಲಕ್ಕೆ ಹಾಸಿದ ಟಾರ್ಪಾಲನ್ನು ಸಂಜೆ ಮಡಚುವ ಹುಡುಗನ ಮೇಲೆ ಆ ಅಂಕಿ ನಿಂತಿದೆ ಅಂದುಕೊಳ್ಳಿ. ಕೊಳೆ ರೋಗಕ್ಕೆ ಸುರಿದ ಔಷಧಿಯ ಉಳಿಕೆಯನ್ನೂ ಅಲ್ಲಿ ಪರೀಕ್ಷಿಸುತ್ತಾರೆ, ಆದ್ದರಿಂದ ಏನು, ಎಷ್ಟು, ಯಾವತ್ತು ಹೊಡೆದಿರಿ ಅನ್ನುವ ಪುಸ್ತಕ ಇಡಿ. ರಫ್ತಿಗೆ ಸ್ಪೈಸಸ್ ಬೋರ್ಡ್ ನೋಂದಣಿ, ಆಮದು–ರಫ್ತು ಕೋಡ್ ಬೇಕು. ಒಬ್ಬರೇ ಮಾಡುವುದಕ್ಕಿಂತ ರೈತ ಉತ್ಪಾದಕ ಕಂಪನಿಯ ಮೂಲಕ ಹೋದರೆ ಪರೀಕ್ಷೆಯ ಖರ್ಚು ಹಂಚಿಹೋಗುತ್ತದೆ.

ಪ್ರಶ್ನೆ: ಸಣ್ಣ ಘಟಕಗಳಲ್ಲಿ ಮಾಡುವ ಕ್ರಾಫ್ಟ್ ಬಿಯರ್ ಅಂತ ಹುಚ್ಚು ಹಿಡಿದವರಿಗೆ ನಮ್ಮ ಬಗನಿ ಕಳ್ಳು ಮಾರಲಾಗದೇ?
— ಹೊಸನಗರ

ಉತ್ತರ: ಪರವಾನಗಿ ಇಲ್ಲದೆ ಕಳ್ಳು ಇಳಿಸುವಂತಿಲ್ಲ, ಮಾರುವಂತಿಲ್ಲ, ಮೇಲಾಗಿ ಅದು ಗಂಟೆಗಂಟೆಗೂ ಹುಳಿಯುವ ಸರಕು, ಹಡಗು ಹತ್ತಲಾರದು. ಅಮೆರಿಕದಲ್ಲೂ ಈಗ ಕ್ರಾಫ್ಟ್ ಬಿಯರಿನ ಕಾಲ ಇಳಿಮುಖ: 2024ರಲ್ಲಿ ತೆರೆದದ್ದಕ್ಕಿಂತ ಮುಚ್ಚಿದ ಘಟಕಗಳೇ ಹೆಚ್ಚು. ಇದೇ ಬಗನಿ ಮರಕ್ಕೆ ಶ್ರೀಲಂಕಾದಲ್ಲಿ ಕಿತುಲ್ ಅನ್ನುತ್ತಾರೆ. ಹುದುಗದ ಸಿಹಿ ರಸವನ್ನು ಕಾಯಿಸಿ ಪಾಕ ಮಾಡಿ ವಿದೇಶಕ್ಕೂ ಕಳಿಸುತ್ತಾರೆ. ಒಂದು ಲೀಟರ್ ಪಾಕಕ್ಕೆ ಸುಮಾರು ಏಳೆಂಟು ಲೀಟರ್ ರಸ ಬೇಕು. ನಿಮಗೂ ಆ ದಾರಿ ನೋಡುವ ಮನಸ್ಸಿದ್ದರೆ ಮರ ಹತ್ತುವ ಮುಂಚೆ ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ. ಅನುಮತಿ ಸಿಕ್ಕರೆ ಮಡಕೆಯ ಒಳಮೈಗೆ ಸುಣ್ಣ ಸವರಿ ಕಟ್ಟಿ, ಹುದುಗುವುದು ತಡವಾಗುತ್ತದೆ. ಇಳಿಸಿದ ರಸವನ್ನು ಕೂಡಲೇ ಸೋಸಿ ಒಲೆಗೇರಿಸಿ. ನೊರೆ ಕಟ್ಟಿದ ರಸ ಎಷ್ಟು ಕಾಯಿಸಿದರೂ ಒಳ್ಳೆಯ ಪಾಕಕ್ಕೆ ಬರುವುದಿಲ್ಲ.