ಮೈಸೂರಿನ ಸಂದಿಗೊಂದಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಾಮುಂಡಿಪುರಂನಲ್ಲಿ ಹಳೇ ಮನೆಯೊಂದನ್ನು ಕೊಂಡಿದ್ದೇವೆ. ಹಿಂದುಗಡೆ ಕನ್ಸರ್ವೆನ್ಸಿ, ಅಂದರೆ ಮನೆಗಳ ಬೆನ್ನಿಗಿರುವ ಕಿರುಗಲ್ಲಿ, ಇದೆ. ಅಕ್ಕಪಕ್ಕದವರು ಅಲ್ಲಿ ಶೀಟು ಹೊದಿಸಿ ಸ್ಕೂಟರ್ ನಿಲ್ಲಿಸುತ್ತಾರೆ. ನಾವೂ ಹೊದಿಸಬಹುದಾ? ಅಷ್ಟಕ್ಕೂ ಮನೆ ಹಿಂದೆ ಸುಮ್ನೆ ಇಷ್ಟು ಜಾಗ ಯಾಕೆ ಬಿಟ್ಟರು?
– ಓದುಗರೊಬ್ಬರು, ಚಾಮುಂಡಿಪುರಂ

ಉತ್ತರ: ಹೊದಿಸಬೇಡಿ ತಾಯಿ. ಅದು ಸುಮ್ನೆ ಬಿಟ್ಟ ಜಾಗ ಅಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಊರು ತತ್ತರಿಸಿತು. ಒತ್ತೊತ್ತು ಮನೆ, ಗಾಳಿ ಆಡುತ್ತಿರಲಿಲ್ಲ, ಕೊಳಕು ಹೊರಗೆ ಹೋಗೋಕೆ ದಾರಿ ಇರಲಿಲ್ಲ. 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಮಾಡಿದರು. ಇಡೀ ದೇಶದಲ್ಲಿ ಇಂಥ ಮಂಡಳಿಗಳು ಆಗ ಬೆರಳೆಣಿಕೆಯಷ್ಟು. ಆಮೇಲೆ ಎದ್ದ ಬಡಾವಣೆಗಳಲ್ಲಿ ಮನೆ ಮುಂದೆ ನೇರ ರಸ್ತೆ, ಹಿಂದೆ ಒಂದು ಗಲ್ಲಿ. ಮುಂದಿನದು ನೆಂಟರಿಷ್ಟರಿಗೆ. ಹಿಂದಿನದು ಕಕ್ಕಸು ಬಳಿಯುವವರಿಗೆ.

ಕೃಷ್ಣರಾಜ ಮೊಹಲ್ಲಾದ ನಮ್ಮಜ್ಜಿ ಮನೆಯ ಹಿತ್ತಲ ಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ, ಮೊಣಕಾಲೆತ್ತರದ ಕಿಂಡಿಯೊಂದಿತ್ತು. ಅದಕ್ಕೊಂದು ತಗಡಿನ ಮುಚ್ಚಳ. ಗಲ್ಲಿ ಕಡೆಯಿಂದ ಮುಚ್ಚಳ ಎತ್ತಿ, ಒಳಗಿನ ಬಕೆಟ್ ಎಳೆದು, ತುಂಬಿಕೊಂಡು ಹೋಗುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಇಟ್ಟಿಗೆ ಕಟ್ಟಿ ಗಾರೆ ಮೆತ್ತಿದ್ದರು. ಆದರೂ ಕಮಾನಿನ ಗುರುತು ಹೋಗಿರಲಿಲ್ಲ. ಮಳೆ ಬಂದಾಗ ಅಷ್ಟು ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು. ನಿಮ್ಮ ಹಿತ್ತಲ ಗೋಡೆಯನ್ನೂ ಸ್ವಲ್ಪ ಬಗ್ಗಿ ನೋಡಿ, ಸಿಕ್ಕರೂ ಸಿಗಬಹುದು.

ಮೈಸೂರಿನ ಅಂದ ಹೊಗಳುವವರು ಅರಮನೆ, ಗುಮ್ಮಟ, ಸಾಲುಮರ ಅಂತ ಶುರು ಮಾಡುತ್ತಾರೆ. ಈ ಗಲ್ಲಿಯ ಸುದ್ದಿ ಎತ್ತುವವರು ಕಡಿಮೆ. ಆ ಬಕೆಟ್ ಯಾವ ಜಾತಿಯವರ ತಲೆ ಮೇಲೆ ಹೋಗುತ್ತಿತ್ತು, ಅವರು ಯಾಕೆ ಮುಂಬಾಗಿಲ ಕಡೆ ಸುಳಿಯುವಂತಿರಲಿಲ್ಲ, ಅದೂ ಈ ನಕ್ಷೆಯಲ್ಲೇ ಇದೆ ಅಲ್ವಾ? 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ನನ್ನ ಪ್ರಕಾರ ನಮ್ಮೂರಿನ ಎಷ್ಟೋ ಪ್ರತಿಮೆಗಳಿಗಿಂತ ದೊಡ್ಡ ಕೆಲಸ ಅದು.

ಈಗ ನಿಮ್ಮ ಶೀಟಿನ ವಿಷಯ. ಬಕೆಟ್ ಹೋಯಿತು, ಎಷ್ಟೋ ಕಡೆ ಒಳಚರಂಡಿ ಪೈಪು ಅದೇ ಗಲ್ಲಿ ಹಿಡಿದು ಬಂತು. ನಿಮ್ಮ ಬಚ್ಚಲು ಕಟ್ಟಿಕೊಂಡ ದಿನ ಮ್ಯಾನ್‌ಹೋಲ್ ಹುಡುಕಿಕೊಂಡು ಅಲ್ಲಿಗೇ ಬರಬೇಕು. ಶೀಟಿನ ಕಂಬ ಅಡ್ಡ ನಿಂತಿದ್ದರೆ ಕಿತ್ತು ಹಾಕುತ್ತಾರೆ, ಬೈಗುಳ ಬೇರೆ. ಜಾಗವೂ ನಿಮ್ಮದಲ್ಲ, ಸಾರ್ವಜನಿಕರದ್ದು. ಸ್ಕೂಲಿಗೆ ಲೇಟಾದ ಮಕ್ಕಳಿಗೆ ಅದು ಅಡ್ಡದಾರಿ. ಭಾನುವಾರ ಕ್ರಿಕೆಟ್ ಪಿಚ್. ಬೆಳಗಿನ ಜಾವ ಕೊಕ್ಕೆ ಕೋಲು ಹಿಡಿದು ಕಾಂಪೌಂಡಿನಾಚೆ ಬಾಗಿದ ಕಣಗಿಲೆ ಕೀಳುವ ಹಿರಿಯರಿಗಂತೂ ರಾಜಮಾರ್ಗ. (ದೇವರಿಗೆ ಅಂತ ಕಿತ್ತರೆ ಕಳ್ಳತನ ಅಲ್ಲ ಅನ್ನೋದು ನಮ್ಮ ಬೀದಿಯ ಕಾನೂನು.)

ಪ್ರಶ್ನೆ: ದೊಡ್ಡಕೆರೆ ಮೈದಾನದಲ್ಲಿ ಕೆರೆ ಎಲ್ಲಿದೆ?
– ಕಾಲೇಜು ವಿದ್ಯಾರ್ಥಿ, ಕುವೆಂಪುನಗರ

ಉತ್ತರ: ನಿಮ್ಮ ಕಾಲ ಕೆಳಗೆ. ಮುಚ್ಚಿದ ಕೆರೆ ಅದು. ದಸರಾ ವಸ್ತುಪ್ರದರ್ಶನದಲ್ಲಿ ನೀವು ಡೆಲ್ಲಿ ಹಪ್ಪಳ ತಿನ್ನುತ್ತಾ ಓಡಾಡುವುದು ಅದರ ಮೇಲೇ. ಸುಬ್ಬರಾಯನಕೆರೆಗೆ ಹೋದರೂ ಅಷ್ಟೇ, ಈಜುವ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಾನು ಮಂಡ್ಯದವನು. ಬಟ್ಟೆಬರೆ, ಹೂವು ಅಂತ ಮೈಸೂರಿಗೆ ಬಂದಾಗ 'ಗಡಿಯಾರದ ಹತ್ತಿರ ಬಾ' ಅನ್ನುತ್ತಾರೆ. ಹೋದರೆ ಅವರು ಇನ್ನೊಂದು ಗಡಿಯಾರದ ಹತ್ತಿರ ಇರುತ್ತಾರೆ! ಎರಡು ಯಾಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇದಕ್ಕೆ ಮೈಸೂರಿನವರದ್ದೇ ತಪ್ಪು, ನಿಮ್ಮದಲ್ಲ. ದೊಡ್ಡ ಗಡಿಯಾರ ಇರೋದು ಅರಮನೆಯ ಉತ್ತರಕ್ಕೆ, ಪುರಭವನದ ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು. ತಲೆಯೆತ್ತಿ ನೋಡಿ, ಅಂಕಿಗಳು ಕನ್ನಡದವು. ಚಿಕ್ಕ ಗಡಿಯಾರ ಅದಕ್ಕಿಂತ ಹಳೆಯದು, ವೈಸರಾಯ್ ಡಫರಿನ್ ಹೆಸರಿನದು, ದೇವರಾಜ ಮಾರುಕಟ್ಟೆಯ ಮುಂದೆ ಇದೆ. ನಿಮಗೆ ಬೇಕಿರೋದು ಹೂವು ಅಂದಮೇಲೆ ಚಿಕ್ಕದೇ ಸರಿ. ಅಲ್ಲಿಂದ ರಸ್ತೆ ದಾಟಿ ಮಾರುಕಟ್ಟೆಗೆ ನುಗ್ಗಿ, ಮಲ್ಲಿಗೆ ಮಾರುಗಟ್ಟಲೆ ಅಳೆದು ಕೊಡುತ್ತಾರೆ. ಅಳೆಯುವಾಗ ಅವರ ಕೈ ಮೇಲೆ ಕಣ್ಣಿಡಿ. ಆಟೊದವರಿಗೆ ಮಾತ್ರ ಬರೀ 'ಗಡಿಯಾರ' ಅನ್ನಬೇಡಿ, ಯಾವುದು ದೂರವೋ ಅದಕ್ಕೇ ಕರೆದುಕೊಂಡು ಹೋಗುತ್ತಾರೆ.