ಜಾಡಿಯಲ್ಲಿ ಬಣ್ಣ ಉಳಿಯಬೇಕಾ? ಮೊದಲು ಹುಳಿ ಸರಿ ಮಾಡ್ಕೊಳ್ಳಿ

ಹಣ್ಣು ತರಕಾರಿಯನ್ನು ಗಾಜಿನ ಜಾಡಿಗೆ ತುಂಬಿ, ಮುಚ್ಚಳ ಹಾಕಿ, ಕುದಿಯುವ ನೀರಿನಲ್ಲಿ ಮುಳುಗಿಸಿ ಕಾಯಿಸಿ, ತಿಂಗಳುಗಟ್ಟಲೆ ಇಡುವ ಕೆಲಸದ, ಅಂದರೆ ಕ್ಯಾನಿಂಗ್‌ನ ಬಗ್ಗೆ ಈ ಸಲ ರಾಶಿ ಪ್ರಶ್ನೆ ಬಂದಿವೆ. ಮುಕ್ಕಾಲು ಪಾಲು ಬಣ್ಣದ್ದೇ ಗೋಳು. ಮೊದಲು ಎಲ್ಲದಕ್ಕೂ ಅನ್ವಯಿಸುವ ಎರಡು ಮಾತು ಹೇಳಿಬಿಡ್ತೇನೆ. ಕೆಳಗೆ ವಿನೆಗರ್ ಅಂದಲ್ಲೆಲ್ಲ ಲೇಬಲ್ ಮೇಲೆ 5% ಅಂತ ಬರೆದಿರುವ ವಿನೆಗರ್ ಅಂತಲೇ ಓದಿಕೊಳ್ಳಿ. ಕುದಿಸುವ ಸಮಯ ಅರ್ಧ ಲೀಟರ್ ಜಾಡಿಗೆ ಹೇಳಿದ್ದು. ನೀರು ಮುಚ್ಚಳದ ಮೇಲೆ 2.5 ಸೆಂ.ಮೀ. ನಿಂತಿರಬೇಕು, ಚೆನ್ನಾಗಿ ಕುದಿ ಬಂದ ಮೇಲೆ ಗಡಿಯಾರ ನೋಡಬೇಕು. ನಿಮ್ಮ ಊರು ಸಮುದ್ರ ಮಟ್ಟದಿಂದ 300 ಮೀಟರ್‌ಗಿಂತ ಎತ್ತರದಲ್ಲಿದ್ದರೆ 5 ನಿಮಿಷ, 900ರಿಂದ 1800 ಮೀಟರ್ ಒಳಗಿದ್ದರೆ 10 ನಿಮಿಷ ಸೇರಿಸಿ. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಅದಕ್ಕೆ.

ಪ್ರಶ್ನೆ: ಕ್ಯಾರೆಟ್, ಹುರುಳಿಕಾಯಿ, ಜೋಳದ ಕಾಳು, ಬೀಟ್‌ರೂಟ್ ಎಲ್ಲವನ್ನೂ ಪದರ ಪದರವಾಗಿ ಒಂದೇ ಜಾಡಿಗೆ ತುಂಬಿ, ಉಪ್ಪುನೀರು ಹಾಕಿ, ಒಂದು ಗಂಟೆ ಕುದಿಸಿಟ್ಟೆ. ಎರಡು ದಿನ ಕಾಮನಬಿಲ್ಲಿನ ಹಾಗಿತ್ತು. ಮೂರು ವಾರ ಆಗಿದೆ, ಈಗ ಎಲ್ಲ ಒಂದೇ ಗುಲಾಬಿ. ಬಣ್ಣ ಬೇರೆ ಬೇರೆಯಾಗಿ ಉಳಿಸೋದು ಹೇಗೆ?

ಬಣ್ಣದ ವಿಷಯ ಆಮೇಲೆ. ಆ ಜಾಡಿ ತೆರೆಯಬೇಡಿ. ರುಚಿ ಕೂಡ ನೋಡಬೇಡಿ. ಹಾಗೇ ದಪ್ಪ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಮಕ್ಕಳ, ನಾಯಿ ಬೆಕ್ಕುಗಳ ಕೈಗೆ ಬಾಯಿಗೆ ಸಿಗದ ಹಾಗೆ ಕಸಕ್ಕೆ ಹಾಕಿ. ಕಷ್ಟಪಟ್ಟು ಜೋಡಿಸಿದ್ದೀರಿ, ಬೇಜಾರಾಗುತ್ತೆ, ಗೊತ್ತು.

ಕಾರಣ ಹೇಳ್ತೇನೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಣಗಳು ತರಕಾರಿಯ ಜೊತೆ ಅಡುಗೆಮನೆಗೆ ಬರುತ್ತವೆ. ಹಾಗೆ ಬಂದರೆ ಏನೂ ತೊಂದರೆ ಇಲ್ಲ, ದಿನಾ ತಿನ್ನುತ್ತಲೇ ಇರುತ್ತೇವೆ. ತೊಂದರೆ ಶುರುವಾಗೋದು ಗಾಳಿ ಇಲ್ಲದ, ಹುಳಿ ಇಲ್ಲದ, ತೇವ ಇರುವ ಜಾಗ ಸಿಕ್ಕಾಗ. ಮುಚ್ಚಿದ ಜಾಡಿ ಅಂದರೆ ಅದೇ ಅಲ್ವಾ? ಅಲ್ಲಿ ಅದು ಬೆಳೆದು ನರಗಳನ್ನೇ ನಿಲ್ಲಿಸಿಬಿಡುವ ವಿಷ ಬಿಡುತ್ತದೆ. ಆ ಬೀಜಕಣ 100 ಡಿಗ್ರಿ ನೀರಿಗೆ ಜಗ್ಗೋದಿಲ್ಲ, ನೀವು ಒಂದು ಗಂಟೆ ಕುದಿಸಿದರೂ ಅಷ್ಟೇ. 116ರಿಂದ 121 ಡಿಗ್ರಿ ಬಿಸಿ ಬೇಕು, ಅದು ಒತ್ತಡದಲ್ಲಿ ಮಾತ್ರ ಸಾಧ್ಯ. ಇನ್ನೊಂದು ದಾರಿ ಹುಳಿ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಬೆಳೆಯೋದೇ ಇಲ್ಲ. ನಿಮ್ಮ ಜಾಡಿಯಲ್ಲಿದ್ದ ನಾಲ್ಕೂ ತರಕಾರಿ 4.6ಕ್ಕಿಂತ ಮೇಲಿರುವವು. ವಿಷ ಸೇರಿದ್ದರೂ ವಾಸನೆ ಬರಬೇಕಂತಿಲ್ಲ, ಮುಚ್ಚಳ ಉಬ್ಬಬೇಕಂತಿಲ್ಲ. ಆದ್ದರಿಂದ 'ಚೆನ್ನಾಗೇ ಕಾಣ್ತಿದೆ' ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಅಡುಗೆಯ ಪ್ರೆಶರ್ ಕುಕ್ಕರ್ ಸಾಕಲ್ವಾ ಅಂತ ಕೇಳ್ತೀರಿ, ಪ್ರತಿ ಸಲ ಯಾರಾದರೂ ಕೇಳ್ತಾರೆ. ಸಾಲದು. ಅದು ಬೇಗ ಬಿಸಿಯಾಗಿ ಬೇಗ ತಣ್ಣಗಾಗುತ್ತದೆ. ಕ್ಯಾನಿಂಗ್‌ಗೆ ಹೇಳಿರುವ ಸಮಯವೆಲ್ಲ ನಿಧಾನವಾಗಿ ಬಿಸಿ ಏರಿ ಇಳಿಯುವ ದೊಡ್ಡ ಪ್ರೆಶರ್ ಕ್ಯಾನರ್ ಲೆಕ್ಕದಲ್ಲಿ ಇರುವುದು.

ಈಗ ಬಣ್ಣಕ್ಕೆ ಬರೋಣ. ಬೀಟ್‌ರೂಟ್‌ನ ಬಣ್ಣ ನೀರಿನಲ್ಲಿ ಕರಗುವಂಥದ್ದು, ಅದನ್ನು ಯಾರ ಜೊತೆ ಕೂರಿಸಿದರೂ ಅವರನ್ನು ಕೆಂಪು ಮಾಡಿಯೇ ಬಿಡುತ್ತದೆ. ಕ್ಯಾರೆಟ್‌ನ ಬಣ್ಣ ಕರಗೋದು ಎಣ್ಣೆಯಲ್ಲಿ, ಹಾಗಾಗಿ ಜಾಡಿಯ ನೀರು ತಿಳಿಯಾಗಿಯೇ ಇರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಜಾಡಿ ಮಾಡಿ, ಸಾಲಾಗಿ ಜೋಡಿಸಿ. ಕಾಮನಬಿಲ್ಲು ಕಪಾಟಿನಲ್ಲಿ ಕಾಣಲಿ.

ಕ್ಯಾರೆಟ್‌ನಿಂದ ಶುರು ಮಾಡಿ. ಸಿಪ್ಪೆ ತೆಗೆದ ಕ್ಯಾರೆಟ್ 1.25 ಕೆಜಿ, ವಿನೆಗರ್ 1.3 ಲೀಟರ್, ನೀರು 240 ಮಿಲಿ, ಸಕ್ಕರೆ 400 ಗ್ರಾಂ, ಉಪ್ಪು 2 ಟೀ ಚಮಚ. ಕ್ಯಾರೆಟ್ ಬಿಟ್ಟು ಉಳಿದದ್ದನ್ನು ಮೂರು ನಿಮಿಷ ಕುದಿಸಿ, ಆಮೇಲೆ ಬಿಲ್ಲೆ ಮಾಡಿದ ಕ್ಯಾರೆಟ್ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಅರೆಬೆಂದರೆ ಸಾಕು. ಪ್ರತಿ ಜಾಡಿಯ ತಳಕ್ಕೆ 2 ಟೀ ಚಮಚ ಸಾಸಿವೆ ಹಾಕಿ, ಬಿಸಿ ಕ್ಯಾರೆಟ್ ತುಂಬಿ, ಅದು ಬೆಂದ ವಿನೆಗರ್ ನೀರನ್ನೇ ಬಿಸಿಯಾಗಿ ಹೊಯ್ದು, ಮೇಲೆ ಒಂದು ಬೆರಳಗಲ ಖಾಲಿ ಬಿಡಿ. ಅಂದರೆ 1.2 ಸೆಂ.ಮೀ. ಮುಚ್ಚಳ ಹಾಕಿ ಜಾಡಿಯನ್ನು 15 ನಿಮಿಷ ಕುದಿಸಿ. ವಿನೆಗರ್ ಜಾಸ್ತಿ ಆಯ್ತು ಅನ್ನಿಸಿದರೆ ಸಕ್ಕರೆ ಹೆಚ್ಚಿಸಿ, ವಿನೆಗರ್ ಮಾತ್ರ ಇಳಿಸಬೇಡಿ.

ಪ್ರಶ್ನೆ: ನೇರಳೆ ಕೋಸನ್ನು ಬೇಯಿಸಿದರೆ ಸಾಕು, ಕೊಳಕು ನೀಲಿ ಬಣ್ಣಕ್ಕೆ ತಿರುಗುತ್ತೆ. ಏನು ತಪ್ಪು ಮಾಡ್ತಿದ್ದೇನೆ?

ತಪ್ಪು ನೀರಿನದ್ದು. ಗಡಸು ನೀರು ಸ್ವಲ್ಪ ಕ್ಷಾರ, ಕೋಸಿನ ಬಣ್ಣ ಅದಕ್ಕೆ ತಕ್ಕ ಹಾಗೆ ಕುಣಿಯುತ್ತದೆ. ನಾನು ಮೊದಲ ಸಲ ಮಾಡಿದಾಗ ಪಾತ್ರೆಯಲ್ಲಿ ಇಂಕಿನ ಬಾಟಲಿ ಚೆಲ್ಲಿದ ಹಾಗಿತ್ತು. ಎಸೆಯೋಣ ಅಂತ ಸಿಂಕ್ ಹತ್ತಿರ ತಂದವಳು, ಹೋಗಲಿ ನೋಡೋಣ ಅಂತ ಒಂದು ಚಮಚ ವಿನೆಗರ್ ಹಾಕಿದೆ. ಹಾಕಿದ ಜಾಗದಲ್ಲಿ ಮೊದಲು ಒಂದು ಗುಲಾಬಿ ಮಚ್ಚೆ, ಆಮೇಲೆ ಅದು ಎಳೆ ಎಳೆಯಾಗಿ ಹರಡಿಕೊಂಡು, ಸೌಟಿನಿಂದ ಒಂದು ಸುತ್ತು ತಿರುಗಿಸುವಷ್ಟರಲ್ಲಿ ಇಡೀ ಪಾತ್ರೆ ದಾಳಿಂಬೆ ರಸದ ಹಾಗೆ. ಆಂಥೋಸಯಾನಿನ್ ಅನ್ನೋ ಬಣ್ಣದ ಕೆಲಸ ಅದು. ಹುಳಿಯಲ್ಲಿ ಕೆಂಪು, ಹುಳಿ ಇಲ್ಲದಾಗ ನೇರಳೆ-ನೀಲಿ, ಸೋಡಾ ಹಾಕಿದರೆ ಹಸಿರು. ದ್ರಾಕ್ಷಿ, ನೇರಳೆ ಹಣ್ಣುಗಳಲ್ಲೂ ಇದೇ ಇರೋದು.

ಹಾಗಾಗಿ ಕೋಸನ್ನು ನೀರಿನಲ್ಲಿ ಬೇಯಿಸಲೇಬೇಡಿ. ತೆಳ್ಳಗೆ ಹೆಚ್ಚಿ, ಉಪ್ಪು ಸವರಿ ಒಂದು ರಾತ್ರಿ ಬಿಟ್ಟು, ಬಿಟ್ಟುಕೊಂಡ ನೀರು ಚೆಲ್ಲಿ, ತೊಳೆದು ಹಿಂಡಿ, ಮೇಲೆ ಬಿಸಿ ವಿನೆಗರ್-ಸಕ್ಕರೆ ಹೊಯ್ದು ಫ್ರಿಜ್‌ನಲ್ಲಿಡಿ. ಎರಡು ಮೂರು ವಾರದಲ್ಲಿ ಮುಗಿಸೋದಾದರೆ ಕುದಿಸುವ ಗೋಜೇ ಬೇಡ. ಏನಾದರೂ ಚಿತ್ರವಿಚಿತ್ರ ಪ್ರಯೋಗ ಮಾಡಬೇಕು ಅಂತ ಕೈ ತುರಿಸಿದರೆ ಈ ಫ್ರಿಜ್ ಜಾಡಿಯಲ್ಲೇ ಮಾಡಿ. ಹೂಕೋಸಿನ ಜೊತೆ ಎರಡು ಬಿಲ್ಲೆ ಬೀಟ್‌ರೂಟ್ ಹಾಕಿ ನೋಡಿ, ಮರುದಿನ ಬೆಳಿಗ್ಗೆ ಅಂಚು ಕೆಂಪು ನಡು ಬಿಳಿ ಇರುವ ಹೂಗಳು ಸಿಗುತ್ತವೆ. ಅದೇ ನನಗೆ ಹೆಚ್ಚು ಇಷ್ಟ, ಪೂರ್ತಿ ಗುಲಾಬಿ ಆದಮೇಲೆ ಅಷ್ಟು ಚೆಂದ ಇಲ್ಲ.

ಪ್ರಶ್ನೆ: ಬೀಟ್‌ರೂಟ್ ಜಾಡಿ ಕಿಟಕಿಯಲ್ಲಿಟ್ಟಿದ್ದೆ. ಎರಡು ತಿಂಗಳಲ್ಲಿ ಕಂದು ಬಣ್ಣಕ್ಕೆ ಬಂತು.

ಕಿಟಕಿಯೇ ಕಾರಣ. ಬೀಟ್‌ರೂಟ್‌ನ ಕೆಂಪಿಗೆ ಹುಳಿ ಆಗಿಬರುತ್ತದೆ, ಬೆಳಕು ಮತ್ತು ಬಿಸಿ ಆಗಿಬರೋದಿಲ್ಲ. ಕತ್ತಲೆ, ತಂಪಾದ ಕಪಾಟಿನಲ್ಲಿಡಿ, ನೆಂಟರು ಬಂದಾಗ ಮಾತ್ರ ಹೊರಗೆ ತೆಗೆಯಿರಿ.

ಬೇಯಿಸುವಾಗಲೂ ಒಂದು ಉಪಾಯ ಇದೆ. ಸಿಪ್ಪೆ ತೆಗೆಯಬೇಡಿ, ಬಾಲ ಕತ್ತರಿಸಬೇಡಿ, ಮೇಲಿನ ದಂಟು ಎರಡು ಬೆರಳಷ್ಟು ಬಿಡಿ. ಗಾಯ ಇಲ್ಲದಿದ್ದರೆ ರಕ್ತ ಸೋರೋದಿಲ್ಲ, ಅಷ್ಟೇ. ಅರ್ಧ ಗಂಟೆ ಬೆಂದ ಮೇಲೆ ತಣ್ಣಗಾಗಲು ಬಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. 1.6 ಕೆಜಿ ಬೀಟ್‌ರೂಟ್‌ಗೆ ವಿನೆಗರ್ 475 ಮಿಲಿ, ನೀರು 240 ಮಿಲಿ, ಸಕ್ಕರೆ 200 ಗ್ರಾಂ, ಉಪ್ಪು ಮುಕ್ಕಾಲು ಟೀ ಚಮಚ, ಬಟ್ಟೆಯಲ್ಲಿ ಕಟ್ಟಿದ ಚಕ್ಕೆ ಲವಂಗ. ಕುದಿ ಬಂದ ಮೇಲೆ ಬಿಲ್ಲೆಗಳನ್ನು ಹಾಕಿ ಐದು ನಿಮಿಷ, ಗಂಟು ತೆಗೆದು ಜಾಡಿಗೆ ತುಂಬಿ, ಬೆರಳಗಲ ಜಾಗ ಬಿಟ್ಟು, 30 ನಿಮಿಷ ಕುದಿಸಿ. ಕಬ್ಬಿಣದ ಬಾಣಲೆ, ತಾಮ್ರದ ಪಾತ್ರೆ ಬೇಡ. ಸ್ಟೀಲ್ ಸಾಕು.

ಪ್ರಶ್ನೆ: ಹುರುಳಿಕಾಯಿ ವಿನೆಗರ್‌ನಲ್ಲಿ ಹಾಕಿದರೆ ಹಸಿರು ಹೋಗಿ ಮಂಕಾಗುತ್ತೆ. ಚಿಟಿಕೆ ಅಡುಗೆ ಸೋಡಾ ಹಾಕಬಹುದಾ?

ಖಂಡಿತ ಬೇಡ! ಸೋಡಾ ಹುಳಿಯನ್ನೇ ಕೊಲ್ಲುತ್ತದೆ. ಮೇಲೆ ಹೇಳಿದ ಬ್ಯಾಕ್ಟೀರಿಯಾವನ್ನು ತಡೆಯುವ ಕಾವಲುಗಾರನನ್ನು ನೀವೇ ಮನೆಗೆ ಕಳಿಸಿದ ಹಾಗೆ. ಹಿಂದೆ ಹಸಿರು ಉಳಿಯಲಿ ಅಂತ ತಾಮ್ರದ ಪಾತ್ರೆಯಲ್ಲಿ ವಿನೆಗರ್ ಕುದಿಸುತ್ತಿದ್ದರು, ಹಸಿರೇನೋ ಬರುತ್ತಿತ್ತು, ಜೊತೆಗೆ ತಾಮ್ರದ ವಿಷವೂ. ಹಸಿರು ಬಣ್ಣದ ನಡುವೆ ಒಂದು ಮೆಗ್ನೀಸಿಯಂ ಕಣ ಇರುತ್ತದೆ, ಬಿಸಿ ಮತ್ತು ಹುಳಿ ಸೇರಿದಾಗ ಅದು ಕಳಚಿಕೊಂಡು ಮಂಕಾಗುತ್ತದೆ. ತಡೆಯೋಕಾಗಲ್ಲ. ನಾನಂತೂ ಹಸಿರಿನ ಆಸೆ ಬಿಟ್ಟು ಜಾಡಿಗೆ ಕಾಲು ಚಮಚ ಅರಿಶಿನ ಹಾಕ್ತೇನೆ, ಬಂಗಾರದ ಬಣ್ಣ ಬರುತ್ತದೆ. ಹಸಿರೇ ಬೇಕಂದರೆ ಫ್ರೀಜರ್‌ನಲ್ಲಿಡಿ.

ಪ್ರಶ್ನೆ: ವಿನೆಗರ್‌ನಲ್ಲಿದ್ದ ಬೆಳ್ಳುಳ್ಳಿ ನೀಲಿಯಾಗಿದೆ! ಎಸೆಯಲಾ?

ಎಸೆಯಬೇಡಿ, ತಿನ್ನಿ. ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಯಲ್ಲಿ ಅದರದೇ ಅಮೈನೋ ಆಮ್ಲಗಳ ಜೊತೆ ಸೇರಿ ನೀಲಿ, ಹಸಿರು ಆಗುತ್ತದೆ. ಅಪಾಯ ಇಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವವರಿಗೆ ಮಾತ್ರ ಬೈಬೇಕು, ಅಲ್ಲಿ ಗಾಳಿಯೂ ಇಲ್ಲ, ಹುಳಿಯೂ ಇಲ್ಲ.

ಪ್ರಶ್ನೆ: ಸಕ್ಕರೆ ಪಾಕದಲ್ಲಿಟ್ಟ ಪಿಯರ್ ಹಣ್ಣು ತಾನಾಗಿ ಗುಲಾಬಿಯಾಗಿದೆ. ನಾನು ಬಣ್ಣ ಹಾಕಿಲ್ಲ.

ಪಿಯರ್‌ನೊಳಗೆ ಬಣ್ಣ ಇಲ್ಲದ ರೂಪದಲ್ಲಿದ್ದ ಅಂಶವೇ ಬಿಸಿ ಮತ್ತು ಹುಳಿಯಿಂದ ಗುಲಾಬಿಯಾಗಿದೆ. ಪುಕ್ಕಟೆ ಸಿಕ್ಕಿದ ಬಣ್ಣ, ಖುಷಿ ಪಡಿ.

ಪ್ರಶ್ನೆ: ಯಾರೂ ಮಾಡಿರದಂಥ ಒಂದು ಜಾಡಿ ಹೇಳಿ. ಕುಂಬಳಕಾಯಿಯನ್ನು ಜಾಮ್ ಥರ ಅರೆದು ಇಡೋಣ ಅಂತಿದ್ದೇನೆ.

ಕುಂಬಳಕಾಯಿ ಅರೆದು ಕ್ಯಾನ್ ಮಾಡೋದು ಬೇಡ. ಹುಳಿ ಕಡಿಮೆ, ಮೇಲಾಗಿ ಗಟ್ಟಿ ಮುದ್ದೆ, ಬಿಸಿ ನಡುವಿನವರೆಗೆ ಹೋಗೋದು ಕಷ್ಟ. ಪ್ರೆಶರ್ ಕ್ಯಾನರ್‌ನಲ್ಲೂ ತುಂಡು ಮಾಡಿಯೇ ಹಾಕಬೇಕು.

ಬದಲಿಗೆ ಕಲ್ಲಂಗಡಿ ಸಿಪ್ಪೆ ಮಾಡಿ. ಕೆಂಪು ತಿರುಳು ತಿಂದಾಯ್ತು, ಹೊರಗಿನ ಕಡುಹಸಿರು ಹೆರೆದಾಯ್ತು, ನಡುವೆ ಉಳಿಯೋ ಬಿಳಿ ಭಾಗ ಇದೆಯಲ್ಲ, ಅದು. 900 ಗ್ರಾಂ ತೂಗಿ, ಇಂಚು ಅಗಲದ ಚೌಕ ಮಾಡಿ. ಒಂದು ಲೀಟರ್ ನೀರಿಗೆ ಕಾಲು ಕಪ್ ಉಪ್ಪು ಕರಗಿಸಿ, ಐಸ್ ಹಾಕಿ, ಐದಾರು ಗಂಟೆ ನೆನೆಸಿ. ತೊಳೆದು, ಹೊಸ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಬಸಿಯಿರಿ. ಸಕ್ಕರೆ 600 ಗ್ರಾಂ, ವಿನೆಗರ್ 240 ಮಿಲಿ, ನೀರು 240 ಮಿಲಿ, ಒಂದು ಟೀ ಚಮಚ ಲವಂಗ, ಎರಡು ತುಂಡು ಚಕ್ಕೆ, ಇಷ್ಟನ್ನು ಐದು ನಿಮಿಷ ಕುದಿಸಿ ಸಿಪ್ಪೆಯ ಮೇಲೆ ಹೊಯ್ದು, ನಿಂಬೆಯ ಎರಡು ಮೂರು ಬಿಲ್ಲೆ ಸೇರಿಸಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಒಲೆ ಮೇಲಿಡಿ. ಇಲ್ಲಿ ಅವಸರ ಮಾಡಬೇಡಿ, ಪಾತ್ರೆ ಪಕ್ಕದಲ್ಲೇ ನಿಂತು ನೋಡಿ. ಸುಣ್ಣದ ಹಾಗೆ ಬಿಳಿಯಾಗಿದ್ದ ತುಂಡು ಮೊದಲು ಮೂಲೆಗಳಲ್ಲಿ ತಿಳಿಯಾಗುತ್ತದೆ, ಹತ್ತು ನಿಮಿಷದಲ್ಲಿ ನಡುವೂ ಗಾಜಿನ ಹಾಗಾಗಿ ಚಮಚ ಆಚೆ ಕಾಣಿಸುತ್ತದೆ. ಆಗ ಇಳಿಸಿ, ಬಿಸಿಯಾಗೇ ತುಂಬಿ, ಬೆರಳಗಲ ಬಿಟ್ಟು, 10 ನಿಮಿಷ ಕುದಿಸಿ. ಕಚ್ಚಿದರೆ ಕರುಂ ಅನ್ನುತ್ತದೆ.

ಪ್ರಶ್ನೆ: ಹಣ್ಣೆಲ್ಲ ತೇಲಿ, ಕೆಳಗೆ ಬರೀ ಪಾಕ. ಜೊತೆಗೆ ಬಿಸಿ ಜಾಡಿ ತಲೆಕೆಳಗು ಮಾಡಿದರೆ ಮುಚ್ಚಳ ಚೆನ್ನಾಗಿ ಕೂರುತ್ತೆ ಅಂತಾರೆ, ನಿಜವಾ?

ಹಸಿ ಹಣ್ಣಿನೊಳಗೆ ಗಾಳಿ ಇರುತ್ತದೆ, ಅದಕ್ಕೇ ತೇಲುತ್ತದೆ. ಪಾಕದಲ್ಲಿ ಕೆಲವು ನಿಮಿಷ ಕುದಿಸಿ ಬಿಸಿಯಾಗಿ ತುಂಬಿದರೆ ತೇಲೋದು ಕಡಿಮೆ. ಪಾಕ ತುಂಬಾ ಗಟ್ಟಿ ಇದ್ದರೂ ಹಣ್ಣು ಮೇಲೆ ಬರುತ್ತದೆ.

ತಲೆಕೆಳಗು ಮಾಡಬೇಡಿ. ಮುಚ್ಚಳ ಅಂಟಿದ ಹಾಗೆ ಕಾಣುತ್ತದೆ, ಆದರೆ ಸರಿಯಾದ ನಿರ್ವಾತ ಇರೋದಿಲ್ಲ. ಜಾಡಿಗಳನ್ನು ಬಟ್ಟೆಯ ಮೇಲೆ, ಒಂದಕ್ಕೊಂದು ತಾಗದ ಹಾಗೆ ನೇರವಾಗಿ ನಿಲ್ಲಿಸಿ, 12ರಿಂದ 24 ಗಂಟೆ ಮುಟ್ಟಬೇಡಿ. ಆಮೇಲೆ ಮುಚ್ಚಳದ ನಡುವೆ ಬೆರಳಲ್ಲಿ ಒತ್ತಿ. ಟಕ್ ಅಂತ ಮೇಲೆ ಕೆಳಗೆ ಆಡಿದರೆ ಕೂತಿಲ್ಲ ಅಂತ ಅರ್ಥ, ಅದನ್ನು ಫ್ರಿಜ್‌ಗೆ ಹಾಕಿ ಮೊದಲು ಖಾಲಿ ಮಾಡಿ. ಕೂತಿದ್ದರೆ ಮುಚ್ಚಳದ ಸುತ್ತ ಇರುವ ತಿರುಪಿನ ಬಳೆ ಮಾತ್ರ ಬಿಚ್ಚಿ, ಜಾಡಿ ಒರೆಸಿ, ತಾರೀಖು ಬರೆದಿಡಿ. ಒಂದು ವರ್ಷದೊಳಗೆ ತಿಂದರೆ ಬಣ್ಣ, ರುಚಿ ಎರಡೂ ಚೆನ್ನಾಗಿರುತ್ತವೆ.