ರಾಯ್ಸ್ ವಂಶವೃಕ್ಷ: ಎಲ್ಲರೂ ಹೈನ್ರಿಖ್ ಆಗಿರುವಾಗ ಸಂಖ್ಯೆಯ ಕ್ರಮ ಹಿಡಿಯಬೇಡಿ

ಜರ್ಮನಿಯ ರಾಯ್ಸ್ ಮನೆತನದ ಗಂಡಸರೆಲ್ಲ ಹೈನ್ರಿಖ್‌ಗಳೇ, ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತಾ ಹೋದರೆ ಸಾಕೇ, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದ್ದೆ. ಸಂಖ್ಯೆಯ ಕ್ರಮದಲ್ಲಿ ಜೋಡಿಸಲೇಬೇಡಿ. ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ, ಅದರ ಚಿಂತೆ ಈಗ ಬೇಡ.

ನನ್ನ ಕೆಲಸ ಕೆಟ್ಟದ್ದು 24ನೇ ಹೈನ್ರಿಖ್ ಹತ್ತಿರ. ಆ ಹೆಸರಿನವರು ಒಬ್ಬರೇ ಎಂದುಕೊಂಡಿದ್ದೆ, ಇಬ್ಬರಿದ್ದರು. ಈ ಮನೆತನದಲ್ಲಿ ಹಿರಿಯ, ಕಿರಿಯ ಎಂದು ಎರಡು ಶಾಖೆ. ಒಬ್ಬರು ಕಿರಿಯ ಶಾಖೆಯ ಕವಲಾದ ಕ್ಯೋಸ್ಟ್ರಿಟ್ಸ್‌ನವರು, 1855ರಲ್ಲಿ ಹುಟ್ಟಿ 1910ರಲ್ಲಿ ತೀರಿಕೊಂಡ ಸಂಗೀತ ರಚನಕಾರರು. ಇನ್ನೊಬ್ಬರು ಗ್ರೈಟ್ಸ್‌ನಲ್ಲಿ ಆಳುತ್ತಿದ್ದ ಹಿರಿಯ ಶಾಖೆಯ ಕೊನೆಯ ದೊರೆ, 1878ರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡವರು. ಅಂಗವೈಕಲ್ಯದಿಂದಾಗಿ ಇವರ ಪರವಾಗಿ ಕಿರಿಯ ಶಾಖೆಯವರೇ ಆಡಳಿತ ನೋಡಿಕೊಂಡರು. ಒಂದೇ ಹೆಸರು, ಒಂದೇ ಸಂಖ್ಯೆ, ಒಂದೇ ಮನೆತನ, ಹತ್ತಿರದ ಕಾಲ. ಇಬ್ಬರೂ ಒಬ್ಬರೇ ಇರಬಹುದು ಎಂದು ಸಾಫ್ಟ್‌ವೇರ್ ಸೂಚಿಸಿತು, ನಾನು ಒಪ್ಪಿಕೊಂಡು ಇಬ್ಬರ ದಾಖಲೆಗಳನ್ನೂ ಒಂದಾಗಿ ಬೆಸೆದೆ.

ಯಾಕೆ ಒಪ್ಪಿಕೊಂಡೆ ಎಂಬುದನ್ನು ಬಿಡಿಸಿ ಹೇಳಬೇಕು, ನೀವೂ ಅಲ್ಲೇ ಎಡವುತ್ತೀರಿ. ಜರ್ಮನಿಯ ಗೋಥಾ ಊರಿನಲ್ಲಿ 1944ರವರೆಗೆ ವರ್ಷವರ್ಷವೂ ಅಚ್ಚಾಗುತ್ತಿದ್ದ ರಾಜಮನೆತನಗಳ ಕೈಪಿಡಿಯಿಂದ ಸಾಲುಗಳನ್ನು ನಕಲು ಮಾಡಿಕೊಂಡಿದ್ದೆ. ಶಾಖೆಯ ಹೆಸರು ಇರುವುದು ಮೇಲಿನ ಶೀರ್ಷಿಕೆಯಲ್ಲಿ. ಸಾಲನ್ನು ಮಾತ್ರ ಬರೆದುಕೊಂಡು ಶೀರ್ಷಿಕೆ ಬಿಟ್ಟೆ. ಸಂಗೀತಗಾರರ ತಾಯಿ ಲೂಯಿಸೆ ಗ್ರೈಟ್ಸ್ ಮನೆಯ ಮಗಳಾದ್ದರಿಂದ ಎರಡೂ ಟಿಪ್ಪಣಿಗಳಲ್ಲಿ ಗ್ರೈಟ್ಸ್ ಎಂಬ ಊರು ಕಾಣಿಸುತ್ತಿತ್ತು. ಇನ್ನೇನು ಸಾಕ್ಷಿ ಬೇಕು ಎನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಮುಮ್ಮಡಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದು ಕೇಳಿ ಬೆಳೆದವನಿಗೆ ಸಂಖ್ಯೆ ಎಂದರೆ ಪಟ್ಟವೇರಿದ ಕ್ರಮ ಎಂದೇ ಲೆಕ್ಕ. ರಾಯ್ಸ್‌ನಲ್ಲಿ ಹಾಗಲ್ಲ. ಪಟ್ಟಕ್ಕೆ ಬರಲಿ ಬಿಡಲಿ, ಹುಟ್ಟಿದ ಪ್ರತಿ ಗಂಡುಮಗುವಿಗೂ ಒಂದು ಸಂಖ್ಯೆ. ಎಳವೆಯಲ್ಲೇ ತೀರಿಕೊಂಡ ಮಗುವಿಗೂ ಒಂದು ಸಂಖ್ಯೆ ಖರ್ಚಾಗುತ್ತದೆ.

ಪರಿಣಾಮವಾಗಿ ನನ್ನ ವೃಕ್ಷದಲ್ಲಿ ಒಬ್ಬ ಮಗನಿಗೆ ಇಬ್ಬರು ತಂದೆ, ಇಬ್ಬರು ತಾಯಿ. 1908ರಲ್ಲಿ ಬಲ್ಗೇರಿಯಾದ ಫರ್ಡಿನಾಂಡ್‌ರನ್ನು ಮದುವೆಯಾದ ಎಲಿಯೊನೋರೆ ಸಂಗೀತಗಾರರ ತಂಗಿ. ಪದವಿ ಕಳೆದುಕೊಂಡ ಜರ್ಮನ್ ಚಕ್ರವರ್ತಿ 2ನೇ ವಿಲ್ಹೆಲ್ಮ್‌ರನ್ನು 1922ರಲ್ಲಿ ಮದುವೆಯಾದ ಹೆರ್ಮೀನೆ ಗ್ರೈಟ್ಸ್ ದೊರೆಯ ತಂಗಿ. ನನ್ನ ಹಾಳೆಯಲ್ಲಿ ಅವರಿಬ್ಬರೂ ಒಡಹುಟ್ಟಿದವರಾಗಿಬಿಟ್ಟರು. ತಪ್ಪು ಗೊತ್ತಾದದ್ದು ಲೂಯಿಸೆಯಿಂದ: ಆಕೆ ತೀರಿಕೊಂಡದ್ದು 1875ರಲ್ಲಿ, ನನ್ನ ವೃಕ್ಷದ ಪ್ರಕಾರ ಮಗ ಹುಟ್ಟಿದ್ದು 1878ರಲ್ಲಿ. ನಿಜವಾದ ಸಂಬಂಧ ಇಷ್ಟು: ಲೂಯಿಸೆ 19ನೇ ಹೈನ್ರಿಖ್‌ರ ಮಗಳು, ಹೆರ್ಮೀನೆಯ ತಂದೆ 22ನೇ ಹೈನ್ರಿಖ್ ಅವರು 20ನೇ ಹೈನ್ರಿಖ್‌ರ ಮಗ. 19 ಮತ್ತು 20 ಅಣ್ಣತಮ್ಮಂದಿರು. ಅಂದರೆ ಲೂಯಿಸೆ ಮತ್ತು 22ನೆಯವರು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಇಬ್ಬರು 24ನೇ ಹೈನ್ರಿಖ್‌ಗಳು ಆ ಇಬ್ಬರ ಮಕ್ಕಳು. ಬೆಸೆದದ್ದನ್ನು ಬಿಡಿಸುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಇಬ್ಬರ ಟಿಪ್ಪಣಿಗಳೂ ಒಂದೇ ಕಡತದಲ್ಲಿ ಕಲಸಿಹೋಗಿದ್ದವು, ಯಾವ ಸಾಲು ಯಾರದ್ದು ಎಂದು ಮತ್ತೆ ಮೊದಲಿನಿಂದ ಹುಡುಕಬೇಕಾಯಿತು.

ಸಂಖ್ಯೆಯ ನಿಯಮ ಶಾಖೆಗೊಂದು. ಹಿರಿಯ ಶಾಖೆಯಲ್ಲಿ 100ರವರೆಗೆ ಎಣಿಸಿ ಮತ್ತೆ 1ರಿಂದ ಶುರು ಮಾಡಬೇಕೆಂದು ಕಟ್ಟಳೆ, ಆದರೆ 24ಕ್ಕೇ ವಂಶ ನಿಂತಿತು. ಕಿರಿಯ ಶಾಖೆಯಲ್ಲಿ ಹೊಸ ಶತಮಾನದೊಂದಿಗೆ ಎಣಿಕೆಯೂ ಹೊಸದು, ಕ್ಯೋಸ್ಟ್ರಿಟ್ಸ್‌ನವರೂ ಇದರೊಳಗೇ ಬರುತ್ತಾರೆ. ಹಾಗಾಗಿ ಆಳಿದವರಲ್ಲಿ 67ನೇ ಹೈನ್ರಿಖ್ (1789–1867) ಅವರ ಮಗ 14ನೆಯವರು (1832–1913), ಅವರ ಮಗ 27ನೆಯವರು (1858–1928), ಅವರ ಮಗ 45ನೆಯವರು (ಜನನ 1895).

ಪರೀಕ್ಷೆ ಮಾಡುವ ದಾರಿ ಇದರಲ್ಲೇ ಇದೆ. ಪ್ರತಿ ಶಾಖೆಗೆ, ಕಿರಿಯದಾದರೆ ಪ್ರತಿ ಶತಮಾನಕ್ಕೆ, ಒಂದೊಂದು ಪಟ್ಟಿ ಮಾಡಿ, ಸಂಖ್ಯೆಯ ಎದುರು ಹುಟ್ಟಿದ ವರ್ಷ ಬರೆಯಿರಿ. ಕಿರಿಯ ಶಾಖೆಯ 19ನೇ ಶತಮಾನದಲ್ಲಿ 4ಕ್ಕೆ 1821, 7ಕ್ಕೆ 1825, 14ಕ್ಕೆ 1832, 24ಕ್ಕೆ 1855, 27ಕ್ಕೆ 1858, 45ಕ್ಕೆ 1895. ಸಂಖ್ಯೆ ಏರಿದಂತೆ ವರ್ಷವೂ ಏರಬೇಕು. ಎಲ್ಲಾದರೂ ಇಳಿದರೆ ಬೇರೆ ಪಟ್ಟಿಯವರು ಒಳಗೆ ಬಂದಿದ್ದಾರೆ ಎಂದರ್ಥ. 24ರ ಎದುರು 1878 ಬರೆದಿದ್ದರೆ ಮೂರು ಸಂಖ್ಯೆ ಮುಂದಿರುವ 27ರ 1858 ಆಗಲೇ ನನ್ನನ್ನು ಎಚ್ಚರಿಸುತ್ತಿತ್ತು. ವ್ಯಕ್ತಿಯ ಗುರುತಾಗಿ ಹೆಸರು ಮತ್ತು ಸಂಖ್ಯೆ ಸಾಲದು, ಶಾಖೆ ಮತ್ತು ಪೂರ್ತಿ ಜನ್ಮದಿನಾಂಕ ಎರಡೂ ಇರಲೇಬೇಕು. ಸಾಫ್ಟ್‌ವೇರ್ ದಾಖಲೆಗಳನ್ನು ತಾನೇ ಬೆಸೆಯುವ ಸೌಲಭ್ಯವನ್ನು ಮೊದಲ ದಿನವೇ ನಿಲ್ಲಿಸಿಬಿಡಿ. ಬೇರೆಯವರು ಮಾಡಿಟ್ಟ ವೃಕ್ಷವನ್ನು ಇಡಿಯಾಗಿ ಇಳಿಸಿಕೊಳ್ಳಲೂ ಬೇಡಿ.

ಮೂಲಗಳಲ್ಲಿ ಈ ಸಂಖ್ಯೆಗಳು ರೋಮನ್ ಅಂಕಿಗಳಲ್ಲಿರುತ್ತವೆ, ಅವನ್ನು ಎರಡು ಸಲ ಓದಿ. 72ರಲ್ಲಿ (LXXII) ಒಂದು ಎಕ್ಸ್ ಬಿಟ್ಟುಹೋದರೆ 62 (LXII) ಆಗುತ್ತದೆ, ಇಬ್ಬರೂ ಒಂದೇ ಕಾಲದಲ್ಲಿ ಆಳಿದವರು. ಕಿರಿಯ ಶಾಖೆಯದೇ ಕವಲಾದ ಎಬರ್ಸ್‌ಡೋರ್ಫ್‌ನ 72ನೇ ಹೈನ್ರಿಖ್ 1848ರಲ್ಲಿ ಪದತ್ಯಾಗ ಮಾಡಿದಾಗ ಆ ಸೀಮೆ ಸೇರಿದ್ದು ಷ್ಲೈಟ್ಸ್‌ನ 62ನೇ ಹೈನ್ರಿಖ್‌ರಿಗೇ. ಇಲ್ಲಿ ಕಣ್ಣು ತಪ್ಪಿದರೆ ಕೊಟ್ಟವರೂ ಪಡೆದವರೂ ಒಬ್ಬರೇ ಆಗಿಬಿಡುತ್ತಾರೆ.

ಬಿರುದುಗಳಿಗೂ ಕಾಲವಿದೆ. 1673ರಲ್ಲಿ ಇವರು ಕೌಂಟ್‌ಗಳಾದರು. ಪ್ರಿನ್ಸ್ ಪದವಿ ಹಿರಿಯ ಶಾಖೆಗೆ ಬಂದದ್ದು 1778ರಲ್ಲಿ, ಕಿರಿಯ ಶಾಖೆಯ ಹೆಚ್ಚಿನವರಿಗೆ 1806ರಲ್ಲಿ. ಅದಕ್ಕೂ ಹಿಂದಿನವರಿಗೆ ಪ್ರಿನ್ಸ್ ಎಂದು ಹಚ್ಚಬೇಡಿ. 1919ರ ಸಂವಿಧಾನದ ನಂತರ ಪ್ರಿನ್ಸ್ ಎಂಬುದು ಬಿರುದಲ್ಲ, ಉಪನಾಮದ ಭಾಗ. ಆದ್ದರಿಂದ ಬಿರುದಿನ ಖಾನೆಯಲ್ಲಿ ಬರೆಯದೆ ಹೆಸರಿನ ಖಾನೆಯಲ್ಲಿ ಬರೆಯಿರಿ. ಜರ್ಮನಿಯ ಪ್ರಾಟೆಸ್ಟೆಂಟ್ ಸೀಮೆಗಳು ಹಳೆಯ ಜೂಲಿಯನ್ ಪಂಚಾಂಗ ಬಿಟ್ಟದ್ದು 1700ರಲ್ಲಿ, ಫೆಬ್ರವರಿ 18ರ ಮಾರನೆಯ ದಿನವೇ ಮಾರ್ಚ್ 1. ಅದಕ್ಕೆ ಮುಂಚಿನ ಚರ್ಚ್ ದಾಖಲೆಯ 17ನೇ ಶತಮಾನದ ದಿನಾಂಕಗಳಿಗೂ ಈಗಿನ ಪಂಚಾಂಗಕ್ಕೂ 10 ದಿನದ ವ್ಯತ್ಯಾಸ ಇರುತ್ತದೆ, ಎರಡನ್ನೂ ಬರೆದಿಡಿ. ಮೂಲ ಕಾಗದಪತ್ರ ಬೇಕಾದರೆ ಗ್ರೈಟ್ಸ್‌ನಲ್ಲಿರುವ ಥ್ಯೂರಿಂಗಿಯಾ ರಾಜ್ಯದ ಪತ್ರಾಗಾರಕ್ಕೆ ಬರೆಯಿರಿ. ಅದಕ್ಕೂ ಮುಂಚೆ ಹಳೆಯ ಜರ್ಮನ್ ಕೈಬರಹವಾದ ಕುರೆಂಟ್ ಕಲಿಯಿರಿ, ಅದರಲ್ಲಿ ಇ ಮತ್ತು ಎನ್ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಕೊನೆಯಲ್ಲಿ ನಿಮಗೆ 45ನೇ ಹೈನ್ರಿಖ್ ಸಿಗುತ್ತಾರೆ. 1945ರಲ್ಲಿ ಸೋವಿಯತ್ ಸೇನೆಯವರು ಹಿಡಿದೊಯ್ದ ಮೇಲೆ ಅವರು ಮರಳಲಿಲ್ಲ. ಸತ್ತಿದ್ದಾರೆಂದು ಕಾನೂನಿನ ಪ್ರಕಾರ ಘೋಷಣೆಯಾದದ್ದು 1962ರಲ್ಲಿ. ಮರಣದ ಖಾನೆಯಲ್ಲಿ 1962 ಎಂದು ಬರೆಯಬೇಡಿ. ಅದನ್ನು ಘೋಷಣೆ ಎಂದು ಬೇರೆಯಾಗಿ ಬರೆದು, 1945ನ್ನು ಕಾಣೆಯಾದ ವರ್ಷ ಎಂದು ನಮೂದಿಸಿ. ಅವರಿಗೆ ಮಕ್ಕಳಿರಲಿಲ್ಲ, ಮನೆತನದ ಹಿರಿತನ ಕ್ಯೋಸ್ಟ್ರಿಟ್ಸ್ ಶಾಖೆಗೆ ಹೋಯಿತು.